ಚನ್ನಬಸಪ್ಪನ ಹಣೆಯ ಬಿಳುಪು

ಚನ್ನಬಸಪ್ಪನ ಹಣೆಗೆ ಹಚ್ಚಿದ್ದು ವಿಭೂತಿಯಲ್ಲ ಎಂದು ಅವನ ಹೆಂಡತಿ ವನಜಾಗೆ ಗೊತ್ತಾದದ್ದು ಅವನನ್ನು ಮಣ್ಣು ಮಾಡಿದ ಐದನೆಯ ದಿನ.

ಬೆಳಿಗ್ಗೆ ಸ್ನಾನ ಮಾಡಿ ದೇವರ ಜಗಲಿಯ ಮುಂದೆ ಕೂತಿದ್ದಳು. ದೀಪದ ಹಿಂದೆ, ಎಣ್ಣೆ ಬಾಟಲಿಯ ಮರೆಯಲ್ಲಿ, ಒಂದು ಸ್ಟೀಲಿನ ಡಬ್ಬಿ ಕಂಡಿತು. ಮುಚ್ಚಳ ತೆಗೆದಳು. ಒಳಗೆ ಬೂದು ಬಿಳುಪಿನ ವಿಭೂತಿ. ಮೂಗಿನ ಹತ್ತಿರ ತಂದಳು. ಸಗಣಿ ಸುಟ್ಟ ವಾಸನೆ, ಅದರೊಳಗೆ ಒಂದಿಷ್ಟು ಕರ್ಪೂರ. ಅದು ಗಂಡನ ವಾಸನೆ. ಮೂವತ್ತಮೂರು ವರ್ಷ ಮಗ್ಗುಲಲ್ಲಿದ್ದ ವಾಸನೆ.

ಹಾಗಾದರೆ ಅವತ್ತು ತಾನು ಎತ್ತಿಕೊಂಡ ಡಬ್ಬಿ ಯಾವುದು?

ಅದು ಜಗಲಿಯ ಮುಂದಿನ ಅಂಚಿನಲ್ಲೇ ಇತ್ತು. ಅದೇ ಅಳತೆ, ಒಂದೇ ಅಂಗಡಿಯಲ್ಲಿ ತಂದ ಜೋಡಿ ಡಬ್ಬಿ. ಅದನ್ನೂ ತೆರೆದಳು. ಸುಣ್ಣಕ್ಕಿಂತ ಬಿಳಿಯ ಪುಡಿ. ವಾಸನೆಯೇ ಇಲ್ಲ. ಬೆರಳು ಒದ್ದೆ ಮಾಡಿಕೊಂಡು ಎರಡನ್ನೂ ಮುಂಗೈ ಮೇಲೆ ಎಳೆದು ನೋಡಿದಳು. ವಿಭೂತಿ ನೀರು ಕುಡಿದು ಮಬ್ಬಾಯಿತು, ಒಣಗಿದ ಮೇಲೆ ಮೆಲ್ಲಗೆ ಬೆಳ್ಳಗಾಯಿತು. ವಿಭೂತಿ ಯಾವಾಗಲೂ ಹಾಗೆಯೇ. ಇನ್ನೊಂದು ಹಸಿಯಲ್ಲೂ ಬೆಳ್ಳಗಿತ್ತು, ಒಣಗಿದಾಗಲೂ ಬೆಳ್ಳಗಿತ್ತು. ಸೆರಗಿನಿಂದ ಒರೆಸಿದಳು. ಚರ್ಮದ ಗೆರೆಗಳಲ್ಲಿ ಕೂತುಬಿಟ್ಟಿತ್ತು.

ಅವತ್ತು ಹಾಗೆಯೇ ಆಗಿತ್ತು. ಗಂಡನ ತಣ್ಣನೆಯ ಹಣೆಗೆ ಮೂರು ಬೆರಳು ಎಳೆದ ಕೂಡಲೇ ಮೂರು ಗೆರೆ ಎದ್ದು ನಿಂತಿದ್ದವು. ಆಮೇಲೆ ಎರಡು ದಿನ ಅವಳ ಬೆರಳಿನ ಬಿಳುಪು ಹೋಗಿರಲಿಲ್ಲ. ಅನ್ನ ಕಲಸುವಾಗ ಉಗುರಿನ ಸಂದಿಯಲ್ಲಿ ಕಾಣುತ್ತಿತ್ತು. ಅವನಿಗೆ ತನ್ನನ್ನು ಬಿಟ್ಟು ಹೋಗಲು ಮನಸ್ಸಿಲ್ಲ ಎಂದುಕೊಂಡು ಅವಳು ಕೈ ಸರಿಯಾಗಿ ತೊಳೆದಿರಲೂ ಇಲ್ಲ.

ಹೊರಗಿನ ಕೋಣೆಯಲ್ಲಿ ಚನ್ನಬಸಪ್ಪನ ಅಕ್ಕ ಶಿವಗಂಗಾ ಊರಿನವರ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಳು. ಲಿಂಗಸೂಗೂರಿನಿಂದ ಬಂದವಳು, ಹನ್ನೊಂದನೆಯ ದಿನದ ಶಿವಗಣಾರಾಧನೆ ಮುಗಿಸಿ ಹೋಗುವವಳು. ತಾಯಿಯಿಲ್ಲದ ತಮ್ಮನನ್ನು ಕಂಕುಳಲ್ಲಿ ಹೊತ್ತು ಬೆಳೆಸಿದವಳು. ಬಂದಾಗಿನಿಂದ ಒಂದು ಹನಿ ಕಣ್ಣೀರು ಹಾಕಿರಲಿಲ್ಲ.

"ಏನ್ ಹೇಳ್ಲೆವ್ವಾ, ಹಣಿ ಅಂದ್ರ ಹಣಿ. ಎಷ್ಟ ಮಂದಿ ಹೆಣಾ ನೋಡೇನಿ, ಇಂಥಾದ್ದು ನೋಡಿಲ್ಲ. ಮಣ್ಣಾಗ ಇಳಿಸೂತನಾ ಒಂದು ಗೆರಿ ಮಾಸಲಿಲ್ಲ. ಶಿವಾ ಕುಂತಾಂಗ ಕುಂತಿದ್ದ ನನ್ನ ತಮ್ಮ."

ವನಜಾ ಎರಡೂ ಡಬ್ಬಿಗಳ ಮುಚ್ಚಳ ಹಾಕಿದಳು. ಒಂದು ಮುಚ್ಚಳ ಸರಿಯಾಗಿ ಕೂರಲಿಲ್ಲ.

ಚನ್ನಬಸಪ್ಪ ದೊಡ್ಡ ಮನುಷ್ಯನೇನಲ್ಲ. ಬೇಗಂಪೇಟೆಯಲ್ಲಿ ಕಲ್ಲು, ಮರಳು ಪರೀಕ್ಷೆ ಮಾಡುವ ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ ಮೂವತ್ತನಾಲ್ಕು ವರ್ಷ ಲ್ಯಾಬ್ ಅಟೆಂಡರ್ ಆಗಿದ್ದ. ಬಾಲಾನಗರದಿಂದ ಬಸ್ಸಿನಲ್ಲಿ ಹೋಗುತ್ತಿದ್ದ, ಬಸ್ಸಿನಲ್ಲಿ ಬರುತ್ತಿದ್ದ. ಏನು ಕೆಲಸ ಎಂದು ಯಾರಾದರೂ ಕೇಳಿದರೆ "ಉಸುಕು ಆರಿಸ್ತೀನ್ರಿ" ಅನ್ನುತ್ತಿದ್ದ. ಕೇಳಿದವರು ನಗುತ್ತಿದ್ದರು. ಮದುವೆಯಾದ ಹೊಸದರಲ್ಲಿ ವನಜಾ ಕೂಡ ನಕ್ಕಿದ್ದಳು.

"ಅಕ್ಕಿ ಆರಿಸ್ತಾರ, ಬ್ಯಾಳಿ ಆರಿಸ್ತಾರ. ಉಸುಕಿನಾಗ ಏನ್ ಆರಿಸ್ತೀರಿ?"

"ನೀ ಹಳ್ಳು ಒಗದು ಅಕ್ಕಿ ಇಟ್ಕೋತಿ. ನಾ ಅಕ್ಕಿ ಒಗದು ಹಳ್ಳು ಇಟ್ಕೋತೀನಿ. ಇಷ್ಟ ಫರಕ್."

ಶ್ರೀಕಾಕುಳಂ ಕಡೆಯ ಸಮುದ್ರ ದಂಡೆಯಿಂದ ಚೀಲಗಟ್ಟಲೆ ಮರಳು ಬರುತ್ತಿತ್ತು. ಅದನ್ನು ತೊಳೆದು ಒಣಗಿಸಿ, ನೀರಿಗಿಂತ ಮೂರು ಪಟ್ಟು ಭಾರದ ಒಂದು ದ್ರವದಲ್ಲಿ ಸುರಿಯುತ್ತಿದ್ದ. ಬಿಳಿ ಮರಳು ಮೇಲೆ ತೇಲುತ್ತಿತ್ತು, ಭಾರದ ಕಾಳು ತಳ ಸೇರುತ್ತಿತ್ತು. ತಳದ್ದರ ಮೇಲೆ ಅಯಸ್ಕಾಂತ ಆಡಿಸಿದರೆ ಕರಿಯ ಕಾಳೆಲ್ಲ ಎದ್ದು ಅಂಟಿಕೊಳ್ಳುತ್ತಿತ್ತು. ಅಂಟದೆ ಉಳಿದದ್ದರಲ್ಲಿ ಅವನ ಕಾಳು ಇರುತ್ತಿತ್ತು. ಅದರ ಹೆಸರು ರೂಟೈಲ್. ಉಳಿದದ್ದನ್ನು ಸೂಕ್ಷ್ಮದರ್ಶಕದ ಕೆಳಗೆ ಹರವಿ, ಒದ್ದೆ ಮಾಡಿದ ಸೂಜಿಯ ಮೊನೆಯಿಂದ ಒಂದೊಂದೇ ಕೆಂಪು ಕಾಳನ್ನು ಎತ್ತಿ ಬೇರೆ ಗಾಜಿನ ಮೇಲೆ ಇಡುತ್ತಿದ್ದ. ಸಾಸಿವೆ ಕಾಳೂ ಅದರ ಮುಂದೆ ಗುಂಡುಕಲ್ಲು. ಉಸಿರು ಜೋರಾಗಿ ಬಿಟ್ಟರೆ ಅರ್ಧ ದಿನದ ಕೆಲಸ ಹಾರಿಹೋಗುತ್ತಿತ್ತು. ಹಾಗಾಗಿ ಅವನಿಗೆ ಮೆಲ್ಲಗೆ ಉಸಿರಾಡುವುದು ರೂಢಿಯಾಯಿತು. ಮಲಗಿದಾಗಲೂ ಸದ್ದಿರುತ್ತಿರಲಿಲ್ಲ. ಎಷ್ಟೋ ಸಲ ವನಜಾ ಮೂಗಿನ ಹತ್ತಿರ ಕೈ ಹಿಡಿದು ನೋಡಿದ್ದುಂಟು.

ಎಲ್ಲವನ್ನೂ ಹಾಗೆ ನುಣ್ಣಗೆ, ಬೇರೆ ಬೇರೆ ಮಾಡಿ ಇಡುವುದು ಅವನ ಚಾಳಿ. ವಿಭೂತಿ ಗಟ್ಟಿ ತಂದರೆ ಹಾಗೇ ಬಳಸುತ್ತಿರಲಿಲ್ಲ. ಕುಟ್ಟಿ, ಮೂರು ಸಲ ಬಟ್ಟೆಯಲ್ಲಿ ಸೋಸಿ, ಡಬ್ಬಿಯಲ್ಲಿ ತುಂಬಿ ಇಡುತ್ತಿದ್ದ. ಅವರ ಜನರಲ್ಲಿ ಯಾರೂ ಹಾಗೆ ಮಾಡುವುದಿಲ್ಲ.

ಮಾತು ಕಡಿಮೆ. ಆದರೆ ಆ ಕಾಳಿನ ಮಾತು ಬಂದರೆ ನಿಲ್ಲುತ್ತಿರಲಿಲ್ಲ. ಓಣಿಯ ತುದಿಯ ವೆಲ್ಡಿಂಗ್ ಶೆಡ್ಡಿನಲ್ಲಿ ಕಿಡಿ ಹಾರುವುದನ್ನು ಕಂಡರೆ ನಿಂತು, "ಆ ಕಡ್ಡಿ ಮ್ಯಾಲಿನ ಲೇಪದಾಗ ನನ್ನ ಕಾಳು ಐತಿ" ಅನ್ನುತ್ತಿದ್ದ. ಮಗಳು ತೇಜಸ್ವಿನಿ ಸಣ್ಣವಳಿದ್ದಾಗ ಕಥೆ ಹೇಳು ಅಂದರೆ ಅದನ್ನೇ ಹೇಳುತ್ತಿದ್ದ. ಪೂರ್ವಘಟ್ಟದ ಬೆಟ್ಟಗಳೊಳಗೆ, ಭೂಮಿಯ ಬಿಸಿಯಲ್ಲಿ ಬೆಂದ ಹಳೆಯ ಕಲ್ಲುಗಳಲ್ಲಿ, ಅದು ಅಲ್ಲೊಂದು ಇಲ್ಲೊಂದು ಕೂತಿರುತ್ತದೆ. ಬಿಸಿಲು ಮಳೆಗೆ ಕಲ್ಲು ಪುಡಿಯಾಗುತ್ತದೆ. ಜೊತೆಗಿದ್ದದ್ದು ಕೊಳೆತು ಜೇಡಿಯಾಗುತ್ತದೆ. ಇದು ಆಗುವುದಿಲ್ಲ. ಹೊಳೆ ಇದನ್ನು ಉರುಳಿಸಿಕೊಂಡು ಸಮುದ್ರಕ್ಕೆ ಒಯ್ಯುತ್ತದೆ. ಅಲೆ ಬಂದು ಹಗುರ ಮರಳನ್ನು ಎಳೆದುಕೊಂಡು ಹೋಗುತ್ತದೆ, ಭಾರದ್ದನ್ನು ದಂಡೆಯ ಮೇಲೆ ಕಾಡಿಗೆಯ ಹಾಗೆ ಎಳೆದು ಬಿಡುತ್ತದೆ.

"ಆಮೇಲೆ?" ಅನ್ನುತ್ತಿದ್ದಳು ಮಗಳು.

"ಆಮೇಲೆ ನಿಮ್ಮಪ್ಪ ಆರಿಸ್ತಾನ."

ವನಜಾ ಒಂದು ದಿನವೂ ಆ ಕಾಳು ನೋಡಿರಲಿಲ್ಲ. ನೋಡಬೇಕು ಅನ್ನಿಸಿರಲೂ ಇಲ್ಲ.

ನಿವೃತ್ತಿಯ ದಿನ ಅವನು ಮನೆಗೆ ಬಂದಾಗ ಕೊರಳಲ್ಲಿ ಹಾರ, ಕೈಯಲ್ಲಿ ಒಂದು ಪ್ಲಾಸ್ಟಿಕ್ ಬಾಟಲಿ. ಬಾಟಲಿಯ ಮೇಲೆ ಇಂಗ್ಲಿಷ್ ಚೀಟಿ, ಒಳಗೆ ಬಿಳಿ ಪುಡಿ. ವಿಜಯಕುಮಾರ ಸರ್ ಕೊಟ್ಟದ್ದು. ಅವರು ಅದೇ ಕಚೇರಿಯ ಭೂವಿಜ್ಞಾನಿ, ದಾವಣಗೆರೆಯವರು, ಚನ್ನಬಸಪ್ಪನ ಹತ್ತಿರ ಕನ್ನಡದಲ್ಲೇ ಮಾತಾಡುತ್ತಿದ್ದವರು.

"ಏ ವನಜಾ, ಬಾ ಇಲ್ಲಿ. ಇದೇನಂತ ಹೇಳು ನೋಡೋಣ."

ವನಜಾ ರೊಟ್ಟಿ ಬಡಿಯುತ್ತಿದ್ದಳು. ಬಂದ ನೆಂಟರಿಗೆ ಇನ್ನೂ ಇಪ್ಪತ್ತು ರೊಟ್ಟಿ ಬೇಕಿತ್ತು. ಬಾಟಲಿ ನೋಡಿದಳು, ಚೀಟಿ ನೋಡಿದಳು.

"ಕೆಮಿಕಲ್ ತಂದು ಅಡಗಿ ಮನ್ಯಾಗ ಹಿಡೀತೀರಲ್ರಿ. ಮೂವತ್ತನಾಲ್ಕು ವರ್ಷ ಅದರಾಗ ಸತ್ತಿದ್ದು ಸಾಲಲಿಲ್ಲೇನು? ಹೊರಗ ಚೆಲ್ಲಿ ಬರ್ರಿ."

"ಒಂದ್ ಸಲ ನೋಡರ ನೋಡು."

"ನೋಡೀನ್ರಿ. ಚೆಲ್ರಿ."

ಅವನು ಬಾಟಲಿ ಹಿಡಿದುಕೊಂಡು ಹೊರಗೆ ಹೋದ. ಚೆಲ್ಲಿದ ಎಂದು ಅವಳು ತಿಳಿದಳು. ಮತ್ತೆ ಆ ಮಾತು ಬರಲಿಲ್ಲ. ಒಂದು ವರ್ಷ ನಾಲ್ಕು ತಿಂಗಳಾದ ಮೇಲೆ, ಒಂದು ಬೆಳಿಗ್ಗೆ, ಬಚ್ಚಲಿನಿಂದ ಬಂದು ಮಂಚದ ಮೇಲೆ ಕೂತವನು ಹಾಗೆಯೇ ಒರಗಿದ. ಉಸಿರಿನ ಸದ್ದು ಎಂದೂ ಇರಲಿಲ್ಲವಲ್ಲ. ಚಹಾ ತಂದ ವನಜಾಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

ಸ್ನಾನ ಮಾಡಿಸಿ ಕುರ್ಚಿಯಲ್ಲಿ ಕೂಡಿಸಿ ಕಟ್ಟಿದ ಮೇಲೆ, ಕ್ರಿಯೆ ಮಾಡಿಸಲು ಬಂದ ಅಯ್ಯನವರು, "ಮನಿ ವಿಭೂತಿ ತಗೊಂಬಾ ತಂಗಿ, ನೀನ ಹಚ್ಚು" ಅಂದರು. ಅವಳ ಕಣ್ಣು ತುಂಬಿತ್ತು. ಜಗಲಿಗೆ ಹೋದಳು. ಕೈಗೆ ಸಿಕ್ಕ ಡಬ್ಬಿ ತಂದಳು. ಹಣೆಗೆ, ಎದೆಗೆ, ತೋಳುಗಳಿಗೆ ಹಚ್ಚಿದಳು. ಧಾರಾಳವಾಗಿ ಹಚ್ಚಿದಳು.

ಐದನೆಯ ದಿನ ಮಧ್ಯಾಹ್ನ ತೇಜಸ್ವಿನಿ ಬಂದಳು. ಅವಳು ಕುಕಟಪಲ್ಲಿಯ ಒಂದು ಶಾಲೆಯಲ್ಲಿ ಟೀಚರು. ವನಜಾ ಅವಳನ್ನು ಒಳಗೆ ಕರೆದು ಎರಡೂ ಡಬ್ಬಿ ತೋರಿಸಿದಳು. ಮಗಳು ಬಾಗಿಲು ಮುಂದೆ ಮಾಡಿದಳು.

"ಯವ್ವಾ, ಯಾರಿಗೂ ಹೇಳಬ್ಯಾಡ. ಅತ್ತಿಗಂತೂ ಮದಲ ಹೇಳಬ್ಯಾಡ. ಆಕಿ ಆ ಹಣಿ ಮ್ಯಾಲ ಜೀವಾ ಹಿಡದಾಳ."

"ನಿಮ್ಮಪ್ಪ ದಿನಾ ವಿಭೂತಿ ಹಚ್ಚದ ನೀರು ಕುಡದಾಂವಲ್ಲ. ಕಡೀ ದಿನಾ ನಾ ಏನ್ ಹಚ್ಚಿ ಕಳಿಸಿದೆ?"

ಮರುದಿನ ವನಜಾ ಅಯ್ಯನವರ ಮನೆಗೆ ಹೋದಳು. ಸಮಾಧಿ ತೆಗೆಸಲು ಬರುತ್ತದೆಯೇ ಎಂದು ಕೇಳಿದಳು. ಬೇರೆ ಮಾತು ಹೊಂದಿಸಿಕೊಳ್ಳಲು ಅವಳಿಗೆ ಬರುತ್ತಿರಲಿಲ್ಲ. ಅಯ್ಯನವರು ಬೆಚ್ಚಿದರು. ಪೂರ್ತಿ ಕೇಳಿಸಿಕೊಂಡ ಮೇಲೆ ತಣ್ಣಗಾದರು.

"ಕೈಯಾಗ ಲಿಂಗ ಇತ್ತಿಲ್ಲೋ?"

"ಇತ್ತರಿ."

"ಸುತ್ತ ನಾ ವಿಭೂತಿ ಗಟ್ಟಿ ಇಟ್ಟೀನಿ, ಪತ್ರಿ ಹಾಕೀನಿ. ಸಾಕದು."

"ಸುತ್ತ ನೀವು ಇಟ್ಟಿರಿ. ಹಣಿಗೆ ಹಚ್ಚಿದಾಕಿ ನಾನರಿ."

ಅಯ್ಯನವರು ತಲೆ ಕೆರೆದುಕೊಂಡರು. "ಮುಚ್ಚಿದ ಸಮಾಧಿ ತೆಗಿಯಾಕ ಬರಂಗಿಲ್ಲ ತಂಗಿ. ಅದೇನು ಪುಡಿ ಅಂತ ತಿಳಕೋ. ವಿಷಾ ಗಿಷಾ ಅಲ್ಲಂದ್ರ ಬಿಟ್ಟುಬಿಡು. ಮಂದಿ ಮುಂದ ಆಡಾಕ ಹೋಗಬ್ಯಾಡ."

ಏಳನೆಯ ದಿನ ವನಜಾ ಬೇಗಂಪೇಟೆಗೆ ಹೋದಳು. ಮೂವತ್ತಮೂರು ವರ್ಷದಲ್ಲಿ ಆ ಕಚೇರಿಯ ಗೇಟು ದಾಟಿದ್ದು ಅದೇ ಮೊದಲು. ಗೇಟಿನಲ್ಲಿದ್ದವನು ತೆಲುಗಿನಲ್ಲಿ ಯಾರು, ಏನು ಎಂದು ಕೇಳಿದ. ಚನ್ನಬಸಪ್ಪನ ಹೆಸರು ಹೇಳಿದಳು. ಅವನು ಎದ್ದು ನಿಂತ. ವಿಜಯಕುಮಾರ ಸರ್ ತಾವೇ ಕೆಳಗೆ ಇಳಿದು ಬಂದರು.

"ಬನ್ನಿ ಅಮ್ಮ. ಫೋನ್ ಮಾಡಿದ್ದರೆ ನಾನೇ ಮನೆಗೆ ಬರ್ತಿದ್ದೆ."

ವನಜಾ ಚೀಲದಿಂದ ಡಬ್ಬಿ ತೆಗೆದು ಮೇಜಿನ ಮೇಲೆ ಇಟ್ಟಳು. "ಇದು ಏನ್ರಿ?"

ಅವರು ಮುಚ್ಚಳ ತೆಗೆದು ನೋಡಿ ನಕ್ಕರು. "ಇನ್ನೂ ಇಟ್ಕೊಂಡಿದ್ರಾ ಚನ್ನಬಸಪ್ಪ? ಇದು ಅವರ ಕಾಳೇ ಅಮ್ಮ. ಟೈಟಾನಿಯಂ ಅಂತ ಒಂದು ಲೋಹ. ಅದು ಗಾಳಿಯಲ್ಲಿರೋ ಆಮ್ಲಜನಕದ ಜೊತೆ ಸೇರಿದ್ರೆ ರೂಟೈಲ್. ನೆಲದಲ್ಲಿ ಸಿಗೋದರಲ್ಲಿ ಕಬ್ಬಿಣ ಒಂದಿಷ್ಟು ಸೇರಿರುತ್ತೆ, ಅದಕ್ಕೆ ಕೆಂಪು. ಕಾರ್ಖಾನೆಯಲ್ಲಿ ಕಬ್ಬಿಣ ಎಲ್ಲ ತೆಗೆದು ಪುಡಿ ಮಾಡಿದ್ರೆ ಹೀಗೆ ಬೆಳ್ಳಗೆ. ಗೋಡೆ ಬಣ್ಣ, ಸೋಪು, ಮುಖಕ್ಕೆ ಹಚ್ಚೋ ಪೌಡರು, ಎಲ್ಲದರಲ್ಲೂ ಇರುತ್ತೆ."

"ವಿಷಾ ಏನ್ರಿ?"

"ಅಲ್ಲ ಅಮ್ಮ. ಮೈಗೆ ಹಚ್ಚಿದ್ರೆ ಏನೂ ಆಗಲ್ಲ."

"ನೀರು ಹತ್ತಿದ್ರೂ ಬೆಳ್ಳಗ ಇರತೈತಿ. ಯಾಕ್ರಿ?"

"ಬೆಳಕನ್ನ ವಜ್ರಕ್ಕಿಂತ ಜಾಸ್ತಿ ಬಗ್ಗಿಸುತ್ತೆ. ಒದ್ದೆ ಆದ್ರೂ ಬೆಳಕು ದಾಟಿ ಹೋಗೋಕೆ ಬಿಡಲ್ಲ, ತಿರುಗಿಸಿ ಕಳಿಸುತ್ತೆ. ಅದಕ್ಕೆ." ಅವರು ಡಬ್ಬಿ ಮುಚ್ಚಿದರು. "ಯಾಕೆ ಅಮ್ಮ ಕೇಳ್ತಿದೀರಿ?"

ವನಜಾ ಹೇಳಿದಳು. ಎಲ್ಲ ಹೇಳಿದಳು. ವಿಜಯಕುಮಾರ ಸರ್ ಕನ್ನಡಕ ತೆಗೆದು ಮೇಜಿನ ಮೇಲೆ ಇಟ್ಟರು.

"ಮಣ್ಣಾಗ ಅದು ಕರಗತೈತೇನ್ರಿ?"

ಅವರು ಉತ್ತರ ಹೇಳಲು ಹಿಂದೆಮುಂದೆ ನೋಡಿದರು.

"ಖರೇ ಹೇಳ್ರಿ ಸಾಹೇಬ್ರ."

"ಇಲ್ಲ ಅಮ್ಮ. ನೀರಿಗೆ ಕರಗಲ್ಲ, ಆಸಿಡ್ಡಿಗೂ ಸುಲಭಕ್ಕೆ ಕರಗಲ್ಲ. ಬೆಟ್ಟ ಕರಗಿದ್ರೂ ಇದು ಉಳಿಯುತ್ತೆ. ಸಮುದ್ರದ ದಂಡೆಯಲ್ಲಿ ಸಿಗೋದೇ ಅದಕ್ಕೆ."

"ಅಂದ್ರ ಅವರ ಹಣಿ ಹೋಗತೈತಿ. ಇದು ಇರತೈತಿ."

"ಹೌದು."

ವನಜಾ ಡಬ್ಬಿಯನ್ನು ಕೈಗೆ ತೆಗೆದುಕೊಂಡಳು. "ಇದನ್ನ ಚೆಲ್ರಿ ಅಂದಿದ್ದೆರಿ ನಾನು. ದೇವರ ಜಗಲಿ ಮ್ಯಾಲ ಯಾಕ ಇಟ್ರು?" ಎಂದಳು.

ವಿಜಯಕುಮಾರ ಸರ್‌ಗೆ ಅದಕ್ಕೂ ಉತ್ತರ ಗೊತ್ತಿತ್ತು. ನಿವೃತ್ತಿಯಾದ ಮೇಲೆ ಚನ್ನಬಸಪ್ಪ ಒಂದು ಸಲ ಕಚೇರಿಗೆ ಬಂದಿದ್ದ. ಪುಡಿ ಜೋಪಾನವಾಗಿದೆಯೇ ಎಂದು ಇವರು ಕೇಳಿದ್ದರು. 'ಡಬ್ಬಿಗೆ ಹಾಕಿ ಜಗಲಿ ಮ್ಯಾಲ ಇಟ್ಟೀನ್ರಿ ಸರ್. ಬ್ಯಾರೆ ಎಲ್ಲಿಟ್ರೂ ನಮ್ಮಾಕಿ ಚೆಲ್ತಾಳ. ಅಲ್ಲಿಂದ ಏನೂ ಚೆಲ್ಲಂಗಿಲ್ಲ' ಅಂದಿದ್ದ. ಇಬ್ಬರೂ ನಕ್ಕಿದ್ದರು. ಅದನ್ನು ಈಗ ವನಜಾಗೆ ಹೇಳುವಾಗ ಅವರಿಗೆ ಅದರ ಭಾರ ಗೊತ್ತಾಗಲಿಲ್ಲ. ಹೇಳಿದ ಮೇಲೆ ಗೊತ್ತಾಯಿತು.

ಅವಳನ್ನು ಸುಮ್ಮನೆ ಕಳಿಸಲು ಮನಸ್ಸಾಗದೆ ಲ್ಯಾಬಿಗೆ ಕರೆದುಕೊಂಡು ಹೋದರು. ಚನ್ನಬಸಪ್ಪ ಕೂರುತ್ತಿದ್ದ ಸ್ಟೂಲಿನ ಮೇಲೆ ಕೂಡಿಸಿದರು. ಅವನೇ ಆರಿಸಿ ಅಂಟಿಸಿದ ಗಾಜಿನ ತುಂಡೊಂದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರು. ವನಜಾ ಒಂದು ಕಣ್ಣು ಮುಚ್ಚಿ ಬಗ್ಗಿದಳು. ಮೊದಲು ಏನೂ ಕಾಣಲಿಲ್ಲ. ಆಮೇಲೆ ಕಂಡಿತು. ಸಾಲಾಗಿ, ಒಂದರ ಪಕ್ಕ ಒಂದು. ದಾಳಿಂಬೆ ಒಣಗಿದ ಹಾಗೆ ಕಪ್ಪುಗೆಂಪು, ಅಂಚಿನಲ್ಲಿ ಬೆಳಕು ಹಾಯ್ದಲ್ಲಿ ರಕ್ತದ ಬಣ್ಣ. ಕೆಲವು ಉದ್ದಕ್ಕೆ, ಮೈಮೇಲೆ ಗೀರು. ಒಂದು ಕಾಳು ಮಾತ್ರ ಮೊಣಕೈ ಮಡಚಿದ ಹಾಗೆ ಬಾಗಿತ್ತು.

"ಅದು ಅಪರೂಪ" ಎಂದರು ಸರ್. "ಎರಡು ಹರಳು ಹಾಗೆ ಜೋಡಿಯಾಗಿ ಬೆಳೆಯುತ್ತೆ. ಅಷ್ಟು ದೂರ ಉರುಳಿ ಬಂದ್ರೂ ಒಂದನ್ನೊಂದು ಬಿಟ್ಟಿಲ್ಲ. ಅದು ಸಿಕ್ಕ ದಿನ ಇಡೀ ಲ್ಯಾಬಿಗೆ ತೋರಿಸಿದ್ದರು."

ವನಜಾಗೆ ಕಾಳು ಮಸುಕಾಯಿತು. ಗಾಜಿನ ಮೇಲೆ ನೀರು ಬೀಳಬಾರದೆಂದು ಮುಖ ತೆಗೆದಳು.

ಮನೆಗೆ ಬಂದ ಮೇಲೆ ನಾಲ್ಕು ದಿನ ಅವಳು ಶಿವಗಂಗಾಳ ಮುಖ ನೋಡಿ ಮಾತಾಡಲಿಲ್ಲ. ಹೇಳಿದರೆ ಅವಳ ಜೀವ ಹೋಗುತ್ತದೆ. ಹೇಳದಿದ್ದರೆ ಇದ್ದಷ್ಟು ದಿನ ತನ್ನ ಜೀವ ತಿನ್ನುತ್ತದೆ. ಹೇಳುವುದು ಬೇಡ ಎಂದೇ ಗಟ್ಟಿ ಮಾಡಿಕೊಂಡಳು. ಮಗಳು ಹೇಳಿದ್ದಾಳೆ, ಅಯ್ಯನವರು ಹೇಳಿದ್ದಾರೆ. ಹನ್ನೊಂದನೆಯ ದಿನ ಜಂಗಮರು ಉಂಡು ಹೋದರು. ಸಮಾಧಿಗೆ ಹೋಗಿ ನೀರು, ಹೂವು, ವಿಭೂತಿ ಹಾಕಿ ಬಂದದ್ದಾಯಿತು. ಶಿವಗಂಗಾ ಚೀಲ ಕಟ್ಟಿದಳು. ಸಂಜೆಯ ಬಸ್ಸು.

ಚೀಲದ ಗಂಟು ಹಾಕುತ್ತ ಅವಳು ಸುಮ್ಮನೆ ಕೇಳಿದಂತೆ ಕೇಳಿದಳು.

"ವನಜಾ, ತಮ್ಮಗ ಹಚ್ಚಿದಿಯಲ್ಲ, ಆ ವಿಭೂತಿ ಒಂದ್ ಚಿಟಿಕಿ ಕಟ್ಟಿ ಕೊಡವ್ವ."

ವನಜಾ ಬಾಗಿಲಲ್ಲೇ ನಿಂತಳು.

"ಯಾಕರಿ ಅಕ್ಕಾರ?"

"ಜಗಲಿ ಮ್ಯಾಲ ಇಟ್ಕೋತೀನಿ. ನಾ ಹೋದಾಗ ಅದನ್ನ ಹಚ್ಚಂತ ಮಕ್ಕಳಿಗೆ ಹೇಳ್ತೀನಿ. ಅವಗ ಹೊಳದಂಗ ನನಗೂ ಒಂದೀಟು ಹೊಳೀಲಿ."

ತೇಜಸ್ವಿನಿ ತಾಯಿಯ ಕಡೆ ನೋಡಿದಳು. ಬೇಡ ಎಂದು ಕಣ್ಣಲ್ಲೇ ಹೇಳಿದಳು. ನಿಜವಾದ ವಿಭೂತಿಯ ಡಬ್ಬಿಯಿಂದ ಒಂದು ಚಿಟಿಕೆ ಕಟ್ಟಿ ಕೊಟ್ಟರೆ ಮುಗಿಯುತ್ತಿತ್ತು. ಅದು ತಮ್ಮನ ವಿಭೂತಿಯೇ. ಆದರೆ ಅದು ಹೊಳೆಯುವುದಿಲ್ಲ. ಬಿಳಿ ಪುಡಿ ಕೊಟ್ಟರೆ ಹೊಳೆಯುತ್ತದೆ. ಆದರೆ ಇನ್ನೊಂದು ಹೆಣ ವಿಭೂತಿಯಿಲ್ಲದೆ ಹೋಗುತ್ತದೆ.

ವನಜಾ ಜಗಲಿಯಿಂದ ಎರಡೂ ಡಬ್ಬಿ ತಂದು ಶಿವಗಂಗಾಳ ಮುಂದೆ ನೆಲದ ಮೇಲೆ ಇಟ್ಟಳು. ಎದುರಿಗೆ ಕೂತಳು.

"ಇದು ಅವರು ದಿನಾ ಹಚ್ಚತಿದ್ದ ವಿಭೂತಿ. ನಾ ಹಚ್ಚಿದ್ದು ಇದಲ್ಲ. ಆ ಕಡೇದು. ಅದು ಅವರ ಆಫೀಸಿನ ಬಣ್ಣದ ಪುಡಿ. ನಾ ನೋಡಲಿಲ್ಲರಿ. ಚೆಲ್ರಿ ಅಂದಿದ್ದೆ, ಚೆಲ್ಲಲಿಲ್ಲ, ನನ್ನ ಅಂಜಿಕಿಗೆ ಜಗಲಿ ಮ್ಯಾಲ ಇಟ್ಟಿದ್ರು. ಅಳು ಬರಾಕತ್ತಿತ್ತು, ಕಣ್ಣು ಕಾಣಲಿಲ್ಲ, ಕೈಗೆ ಬಂದದ್ದು ಹಚ್ಚಿದೆ."

ಶಿವಗಂಗಾ ಎರಡೂ ಡಬ್ಬಿ ನೋಡಿದಳು. ಮುಟ್ಟಲಿಲ್ಲ.

"ಹೊಳದದ್ದು ಬಣ್ಣೇನು?"

"ಹೌದರಿ."

"ಪುಣ್ಯಾ ಅಲ್ಲ."

ವನಜಾ ಬಿಳಿ ಪುಡಿಯ ಡಬ್ಬಿಯನ್ನು ತನ್ನ ಕಡೆ ಎಳೆದುಕೊಂಡಳು.

ಓಣಿಯಲ್ಲಿ ಆಟೊ ಬಂದು ನಿಂತ ಸದ್ದಾಯಿತು. ತೇಜಸ್ವಿನಿ ಹೊರಗೆ ಹೋಗಿ ಸ್ವಲ್ಪ ನಿಲ್ಲಿ ಎಂದು ಹೇಳಿ ಬಂದಳು. ಶಿವಗಂಗಾ ಇನ್ನೂ ಹಾಗೆಯೇ ಕೂತಿದ್ದಳು. ಹನ್ನೊಂದು ದಿನದಲ್ಲಿ ಮೊದಲ ಸಲ ಅತ್ತಳು. ಬಾಯಿಗೆ ಸೆರಗು ಒತ್ತಿಕೊಂಡು, ಸದ್ದು ಬರದ ಹಾಗೆ.

"ನೀ ಹೇಳಬಾರದಿತ್ತವ್ವ" ಎಂದಳು ಕೊನೆಗೆ. ಬೈಯುವ ದನಿ ಅಲ್ಲ. "ಅವ ಹೋದದ್ದು ತಡಕೊಂಡಿದ್ದೆ. ಆ ಹಣಿ ಒಂದು ನೆನಸ್ಕೊಂಡು ತಡಕೊಂಡಿದ್ದೆ. ಈಗ ಊರಿಗೆ ಏನ್ ಒಯ್ಯಲಿ?"

"ಸುಳ್ಳು ಕಟ್ಟಿ ಕೊಡಾಕ ಆಗಲಿಲ್ಲರಿ ಅಕ್ಕಾರ."

"ನಿನಗ ಆಗಲಿಲ್ಲ. ಖರೆ. ಒಯ್ಯಾಕ ನನಗ ಆಗತಿತ್ತು."

ಶಿವಗಂಗಾ ಮುಖ ಒರೆಸಿಕೊಂಡು ಎದ್ದಳು. ತೇಜಸ್ವಿನಿ ಚೀಲ ಎತ್ತಿಕೊಂಡಳು. ವಿಭೂತಿಯ ಡಬ್ಬಿಯನ್ನಾದರೂ ಒಯ್ಯಿರಿ ಎಂದು ವನಜಾ ಕೈಯಲ್ಲಿ ಹಿಡಿದು ಹೊಸ್ತಿಲವರೆಗೆ ಬಂದಳು. ಶಿವಗಂಗಾ ಬೇಡವೆಂದು ತಲೆ ಆಡಿಸಿದಳು. ಆಟೊ ಹತ್ತುವ ಮೊದಲು ಎಂದಿನಂತೆ ವನಜಾಳ ತಲೆಯ ಮೇಲೆ ಕೈ ಇಟ್ಟಳು. ಬಹಳ ಹೊತ್ತು ಇಡಲಿಲ್ಲ.

ಆಟೊ ಹೋಯಿತು. ವನಜಾ ಒಳಗೆ ಬಂದು ಶಿವಗಂಗಾ ಕುಡಿದ ನೀರಿನ ಲೋಟ ಎತ್ತಿಕೊಂಡಳು. ಎಲ್ಲಿ ಇಡಬೇಕೆಂದು ತಿಳಿಯದೆ ಅದನ್ನು ಹಿಡಿದುಕೊಂಡೇ ಕೋಣೆಯ ನಡುವೆ ನಿಂತಳು.